ಹಗ್ಗ ಯಾರ ಕೈಯಲ್ಲಿದೆ?

ಬೀರೂರು ಸೀಮೆಯ ನಮ್ಮ ಹಟ್ಟಿಗಳ ಮುದುಕಿಯರನ್ನು ಕೇಳಿ ನೋಡಿ. ಊರ ಬಾವಿಯಲ್ಲಿ ನೀರು ತುಂಬಿದ್ದರೂ ಅವರು ಹಗ್ಗ ಇಳಿಬಿಡುವಂತಿರಲಿಲ್ಲ. ಬಿಂದಿಗೆ ಇಟ್ಟು ದೂರ ನಿಲ್ಲಬೇಕು. ಯಾರಾದರೂ ಬಂದು ಸೇದಿ ಮೇಲಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ‘ನೀರು ಇತ್ತು ಕಣ್ ಮಗ, ಹಗ್ಗ ನಮ್ದಾಗಿರ್ಲಿಲ್ಲ’ ಅಂತಾರೆ ನಮ್ಮಜ್ಜಿ. ನಾಲ್ಕಕ್ಷರ ಕಲಿತ ನಾವು ನೀರಾವರಿ ಯೋಜನೆಗಳ ಲೆಕ್ಕ ಓದುವಾಗಲೆಲ್ಲ ಈ ಮಾತು ಅಡ್ಡ ಬರುತ್ತದೆ.

ಪಕ್ಕದ ಅಜ್ಜಂಪುರದ ಬಳಿ ಸುರಂಗ ಕೊರೆದಿದ್ದಾರೆ. ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಆ ಸುರಂಗಕ್ಕೆ 29.90 ಟಿಎಂಸಿ, ಬಯಲುಸೀಮೆಯ 367 ಕೆರೆಗಳಿಗೆ ನೀರು. ಇದು ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕ. ಒಂದು ಹೊಳೆಯ ನೀರನ್ನು ಇನ್ನೊಂದರ ಕಣಿವೆಗೆ ತಿರುಗಿಸುವುದೇ ತಪ್ಪು ಅಂತ ನಾವು ಹೇಳಲಾರೆವು. ಆ ನೀರಿಗೆ ನಾವೂ ಕಾದವರೇ.

ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದರೆ ಇದೇ ಲೆಕ್ಕ ಇನ್ನೂ ದೊಡ್ಡದು. 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಸಾಲದಾಯಿತು. 1974ರಿಂದ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರುತ್ತಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಈ ನಗರದ ಕುಡಿಯುವ ನೀರಿಗೇ. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು: ದಿನಕ್ಕೆ 77.5 ಕೋಟಿ ಲೀಟರು.

ನಗರ ಕುಡಿದು, ಮಿಂದು, ತೊಳೆದು ಬಿಟ್ಟ ನೀರು? ಅದು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲ ಲೆಕ್ಕ ದಿನಕ್ಕೆ 44 ಕೋಟಿ ಲೀಟರು, 126 ಕೆರೆಗಳು. ಎರಡು ಹಂತದಲ್ಲಿ ಶುದ್ಧ ಮಾಡಿದ ನೀರು. ಮೂರನೇ ಹಂತವೂ ಆಗಲಿ ಎಂಬುದು ಅಲ್ಲಿನ ಹೋರಾಟಗಾರರ ಬೇಡಿಕೆ. ಮೊದಲ ವರ್ಷವೇ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟು ಕೆಲಕಾಲ ತಡೆ ಕೊಟ್ಟಿತ್ತು. ಬತ್ತಿದ ಕೆರೆಗಳು ತುಂಬಿದ್ದೂ ನಿಜ, ಕೊಳವೆಬಾವಿಗಳಿಗೆ ಜೀವ ಬಂದದ್ದೂ ನಿಜ.

ಇದನ್ನು ‘ಎಂಜಲು ನೀರು’ ಅಂತ ನಾವು ಹೀಗಳೆಯುವುದಿಲ್ಲ. ಮಡಿ-ಮೈಲಿಗೆಯ ಮಾತಿನಿಂದ ಬೆಂದವರು ನಾವು. ಅದೇ ಮಾತನ್ನು ನೀರಿನ ಮೇಲೆ ಎಸೆಯಲಾರೆವು. ಚೆನ್ನಾಗಿ ಶುದ್ಧ ಮಾಡಿದ ನೀರು ಮತ್ತೆ ನೀರೇ.

ನಮ್ಮ ತಕರಾರು ಬೇರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನೀರು ಕೊಟ್ಟು ತೆಗೆದುಕೊಳ್ಳುವುದಕ್ಕೆ ‘ವಿನಿಮಯ’ ಅಂತ ಚಂದದ ಹೆಸರಿದೆ. ವಿನಿಮಯ ಅಂದ್ರೆ ಇಬ್ಬರೂ ಎದುರುಬದುರು ಕೂತು ‘ಆಗಲಿ’ ಅನ್ನಬೇಕು. ಅದಕ್ಕಿಂತ ಮೊದಲು ಇಬ್ಬರಿಗೂ ‘ಆಗಲ್ಲ’ ಅನ್ನುವ ಶಕ್ತಿ ಇರಬೇಕು. ಸಾವಿರ ಅಡಿ ಕೊರೆದರೂ ಧೂಳೇ ಕಂಡ ಊರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಬೇಡ ಎನ್ನಲಾರದವರ ಒಪ್ಪಿಗೆಯೂ ನಮ್ಮಜ್ಜಿ ಒಡ್ಡಿದ ಬೊಗಸೆಯೂ ಒಂದೇ.

ಹಾಗಂತ ನಗರವೇ ಶತ್ರು ಅಂದರೆ ಸುಳ್ಳಾಗುತ್ತದೆ. ನಮ್ಮವರೇ ಅಲ್ಲಿ ಮಹಡಿ ಕಟ್ಟುತ್ತಾ, ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಲ್ಲಿ ಅವರೂ ಇದ್ದರು. ಇನ್ನು ನಮ್ಮೂರೇನು ಒಂದೇ ಊರೇ? ನಾಳೆ ಭದ್ರೆ ನಮ್ಮ ಕೆರೆಗೆ ಬಂದರೆ ತೂಬಿನ ನೀರು ಯಾರ ತೆಂಗು-ಅಡಿಕೆ ತೋಟಕ್ಕೆ ಹರಿಯುತ್ತದೆ? ತುಂಡು ಭೂಮಿ ಇಲ್ಲದ ಹಟ್ಟಿಗೆ ತುಂಬಿದ ಕೆರೆ ನೋಡೋಕೆ ಚಂದ, ಅಷ್ಟೆ.

1923ರಲ್ಲೇ ಮುಂಬೈ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ-ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂಬ ನಿರ್ಣಯ ಮಾಡಿತ್ತು. ಕಾಗದದಲ್ಲಿ ಹಕ್ಕು ಇತ್ತು; ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡದ ಚೌಡಾರ್ ಕೆರೆಗೆ ನಡೆದುಹೋಗಿ ತಮ್ಮ ಕೈಯಾರೆ ನೀರು ಮುಟ್ಟಬೇಕಾಯಿತು. ಅವತ್ತಿನ ಪ್ರಶ್ನೆ ಬರೀ ಬಾಯಾರಿಕೆಯದ್ದಲ್ಲ, ಕೈಯದ್ದು.

ಗೆಳೆಯರೆ, ನಕ್ಷೆ ಹಿಡಿದು ಯಾರಾದರೂ ನಿಮ್ಮೂರಿಗೆ ಬಂದಾಗ ಎಷ್ಟು ಟಿಎಂಸಿ ಅಂತ ಮಾತ್ರ ಕೇಳಬೇಡಿ. ತೂಬು ತೆರೆಯುವವರು ಯಾರು? ನೀರಿನ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ನಮ್ಮ ಶಾಲೆಯ ಗೋಡೆಗೆ ಅಂಟಿಸ್ತೀರಾ? ಭೂಮಿ ಇಲ್ಲದವರ ಪಾಲೇನು? ನಾವು ಬೇಡ ಅಂದರೆ ನಿಲ್ಲಿಸ್ತೀರಾ? ಮೇಷ್ಟ್ರುಗಳು ಈ ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಲಿ. ಮೇಲಿಂದ ಹೊಯ್ಯುವ ಕೈ ಬದಲಾದರೆ ನಮಗೆ ಸಾಲದು. ಹಗ್ಗ ನಮ್ಮ ಕೈಗೂ ಬರಬೇಕು.