ಪದಾರ್ಥವೂ ಪ್ರಸಾದವೂ

ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲವನ್ನು ಕುರಿತು ಶರಣರು ಬೋಧಿಸಿರುವುದೆಲ್ಲವೂ ಒಂದು ಸೂಕ್ಷ್ಮ ಭೇದದ ಮೇಲೆ ನಿಂತಿರುವುದು. ಹೊಲದಿಂದ ಬಂದ ಜೋಳ, ಒಲೆಯ ಮೇಲೆ ಬೆಂದ ಅನ್ನ, ಇವು ಪದಾರ್ಥ. ಅದೇ ಅನ್ನವನ್ನು ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಅದು ಪ್ರಸಾದ. ಅನ್ನದ ರೂಪ ಬದಲಾಗಲಿಲ್ಲ, ರುಚಿ ಬದಲಾಗಲಿಲ್ಲ. ಉಣ್ಣುವವನ ಭಾವವು ಬದಲಾಯಿತು. ಪ್ರಸಾದವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ತಿಳಿಯಾಗುವಿಕೆ, ಪ್ರಸನ್ನತೆ ಎಂಬ ಅರ್ಥವುಂಟು. ಹಾಗಿದ್ದ ಮೇಲೆ ಉಂಡವನ ಮನಸ್ಸು ಉಣ್ಣುವ ಮೊದಲಿಗಿಂತಲೂ ಹೆಚ್ಚು ಕದಡಿದ್ದರೆ ಅವನು ಸ್ವೀಕರಿಸಿದುದು ಏನು?

ನಾಲಗೆಯ ಚಪಲಕ್ಕೆ ಸಿಕ್ಕಿ ಕೆಟ್ಟವರನ್ನು ಎಲ್ಲ ಕಾಲದವರೂ ಕಂಡಿರುವರು. ಈಗ ಮನೆಮನೆಗಳಲ್ಲಿ ಕಾಣುತ್ತಿರುವ ತೊಡಕು ಅದಕ್ಕೆ ವಿಪರೀತವಾದುದು. ಆರೋಗ್ಯಕ್ಕೆಂದು ಮೊದಲು ಕರಿದ ತಿಂಡಿಯನ್ನು ಬಿಡುವರು, ಅದು ಒಳ್ಳೆಯದೇ. ಬಳಿಕ ಸಕ್ಕರೆ, ಬಳಿಕ ಅನ್ನ, ಬಳಿಕ ಹಾಲು. ಕಡೆಗೆ ತಾಯಿಯ ಕೈಯ ಅಡುಗೆಯಲ್ಲಿಯೂ ದೋಷ ಕಾಣತೊಡಗುವುದು. ಜಾತ್ರೆಯ ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಅಂಜಿಕೆ, ನಂಟರ ಮನೆಗೆ ಹೋಗಲು ಅಂಜಿಕೆ, ಒಂದು ಹೋಳಿಗೆಯನ್ನು ತಿಂದರೆ ಎರಡು ದಿನ ಉಪವಾಸ. ಹಗಲೆಲ್ಲ ಊಟದ ಲೆಕ್ಕವೇ ಲೆಕ್ಕ. ಅಮೆರಿಕೆಯ ವೈದ್ಯ ಸ್ಟೀವನ್ ಬ್ರಾಟ್‌ಮನ್ ಎಂಬುವರು 1997ರಲ್ಲಿ ಇದಕ್ಕೆ ‘ಆರ್ಥೊರೆಕ್ಸಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ‘ಸರಿಯಾದ’ ಮತ್ತು ‘ಹಸಿವು’ ಎಂಬರ್ಥದ ಎರಡು ಪದಗಳಿಂದ ಕಟ್ಟಿದ ಹೆಸರು ಅದು. ಅವರು ಸ್ವತಃ ಈ ಬಲೆಯಲ್ಲಿ ಸಿಲುಕಿ ಬಿಡಿಸಿಕೊಂಡವರು. ಇದನ್ನು ಪ್ರತ್ಯೇಕ ರೋಗವೆಂದು ಎಣಿಸಬೇಕೆ ಎಂಬ ವಿಷಯದಲ್ಲಿ ವೈದ್ಯರಲ್ಲಿ ಚರ್ಚೆ ಮುಗಿದಿಲ್ಲ. ಇದರ ಸಮೀಪದ್ದೇ ಆದ ಅನೊರೆಕ್ಸಿಯಾದ ವಿಷಯದಲ್ಲಿ ಮಾತ್ರ ಸಂದೇಹವಿಲ್ಲ. ತೂಕ ಹೆಚ್ಚೀತೆಂಬ ಭಯದಿಂದ ಉಣ್ಣುವುದನ್ನು ಬಿಟ್ಟು, ಮೈ ಒಣಗಿ, ಮುಟ್ಟು ನಿಂತು, ಎಲುಬು ಸವೆದು, ಎದೆಯ ಬಡಿತ ಮಂದವಾಗಿ ಪ್ರಾಣಕ್ಕೇ ಎರವಾಗುವ ವ್ಯಾಧಿ ಅದು. ಕನ್ನಡಿಯ ಮುಂದೆ ನಿಂತ ಅಸ್ಥಿಪಂಜರಕ್ಕೂ ತಾನು ದಪ್ಪಗಿರುವಂತೆಯೇ ಕಾಣುವುದು.

ಇದೂ ಒಂದು ವ್ರತವಲ್ಲವೇ, ಮಿತಾಹಾರವನ್ನು ಶರಣರೂ ಒಪ್ಪಿದ್ದರಲ್ಲವೇ ಎಂದು ಕೇಳುವವರುಂಟು. ಆಯ್ದಕ್ಕಿ ಮಾರಯ್ಯನು ಕಲ್ಯಾಣದಲ್ಲಿ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರಲು ಹೇಳಿದ ಕಥೆ ಎಲ್ಲರೂ ಬಲ್ಲುದೇ. ಅಲ್ಲಿಯೂ ಅಳತೆ ಇದೆ, ಅದೂ ಕಟ್ಟುನಿಟ್ಟಾದ ಅಳತೆ. ಆದರೆ ಅಳೆದುಳಿದ ಅಕ್ಕಿಯಿಂದ ಜಂಗಮ ದಾಸೋಹ ನಡೆಯಿತು, ಮನೆಯ ಬಾಗಿಲು ತೆರೆದೇ ಇತ್ತು. ಇಂದಿನ ಅಳತೆಯಾದರೋ ಬಾಗಿಲನ್ನು ಮುಚ್ಚಿಸುತ್ತದೆ. ಉಣ್ಣುವವನನ್ನು ಪಂಕ್ತಿಯಿಂದ ಎಬ್ಬಿಸಿ ಒಂಟಿಯಾಗಿ ಕೂಡಿಸುತ್ತದೆ. ತನ್ನ ದೇಹವನ್ನೇ ದೇವರೆಂದು ಪೂಜಿಸುವವನು, ಆ ದೇವರಿಗೆ ಹೆದರಿ ನೈವೇದ್ಯವನ್ನೂ ಇಡದಂತಾಗಿದೆ ಅವನ ಸ್ಥಿತಿ!

ಆಹಾರವೆಂದರೆ ಬಾಯಿಯಿಂದ ಹೋಗುವುದು ಮಾತ್ರವಲ್ಲ. ಛಾಂದೋಗ್ಯದಲ್ಲಿ ಬರುವ ಆಹಾರಶುದ್ಧಿಯ ಮಾತಿಗೆ ಶಂಕರರು ಭಾಷ್ಯ ಬರೆಯುತ್ತ, ಇಂದ್ರಿಯಗಳು ಒಳಗೆ ತಂದುಕೊಳ್ಳುವ ವಿಷಯಜ್ಞಾನವೆಲ್ಲವೂ ಆಹಾರವೆಂದೇ ಅರ್ಥಮಾಡಿದರು. ಶರಣರು ಇನ್ನೂ ಮುಂದೆ ಹೋಗಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳಿದರು. ನಾಲಗೆಯಲ್ಲಿ ಗುರುಲಿಂಗ, ಅದಕ್ಕೆ ರುಚಿಯ ಅರ್ಪಣೆ. ಕಣ್ಣಿನಲ್ಲಿ ಶಿವಲಿಂಗ, ಅದಕ್ಕೆ ರೂಪದ ಅರ್ಪಣೆ. ಹೃದಯದಲ್ಲಿ ಮಹಾಲಿಂಗ, ಅದಕ್ಕೆ ತೃಪ್ತಿಯ ಅರ್ಪಣೆ. ಈ ಮಾತನ್ನು ಇಂದಿನ ಯುವಜನರ ಮುಂದಿಡುವಾಗ ರುಚಿಗಿಂತಲೂ ರೂಪದ ಅರ್ಪಣೆಯನ್ನೇ ಮೊದಲು ಹೇಳತಕ್ಕದ್ದು. ಏಕೆಂದರೆ ಕೈಯಲ್ಲಿರುವ ಮೊಬೈಲಿನಲ್ಲಿ ದಿನಕ್ಕೆ ನೂರಾರು ಸುಂದರ ಶರೀರಗಳನ್ನು, ಅದೂ ಯಂತ್ರದಿಂದ ತಿದ್ದಿ ತೀಡಿದವುಗಳನ್ನು, ಅವರ ಕಣ್ಣು ಉಣ್ಣುತ್ತಿದೆ. ಲಿಂಗಕ್ಕೆ ಅರ್ಪಿತವಾಗದ ಈ ರೂಪವೆಲ್ಲ ಒಳಗೆ ಜೀರ್ಣವಾಗದೆ ಉಳಿಯುತ್ತದೆ. ನಾಲಗೆಯ ಊಟ ಬೇಡವಾಗುವುದು ಅದರಿಂದಲೂ ಹೌದು. ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವನ್ನು ಗುರುಗಳು ಕಲಿಸಿದ್ದು ಸುಮ್ಮನೆ ಅಲ್ಲ.

ಹಿರಿಯರ ಹೊಣೆಯೂ ಇಲ್ಲಿ ಸಣ್ಣದಲ್ಲ. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣವನ್ನೂ ಮೈಕಟ್ಟನ್ನೂ ಅವಳ ಎದುರಿಗೇ ತೂಗುವರು. ಮದುವೆಯ ಚಪ್ಪರದಲ್ಲಿ ಬಂಧುಗಳು ‘ಎಷ್ಟು ದಪ್ಪಗಾದೆಯೇ’ ಎಂದು ನಗುವರು. ನಗು ಅಲ್ಲಿಗೇ ಮುಗಿಯಿತೆಂದು ನಕ್ಕವರು ತಿಳಿದಿರುತ್ತಾರೆ. ಲಿಂಗಧಾರಿಯಾದ ಅಂಗವನ್ನು ಹೀಗೆ ಹಳಿಯುವುದು ಯಾವ ಆಚಾರ?

ಇನ್ನೊಂದು ಮಾತು. ಪ್ರಸಾದವನ್ನು ಬಿಡಬಾರದು, ತಟ್ಟೆಯನ್ನು ತೊಳೆದು ಕುಡಿಯಬೇಕು ಎಂಬ ನಿಷ್ಠೆ ದೊಡ್ಡದು. ಆದರೆ ಊಟವೆಂದರೆ ನಡುಗುವ ಮಗುವಿನ ಮೇಲೆ ಈ ನಿಷ್ಠೆಯನ್ನು ಬಾರುಕೋಲಿನಂತೆ ಬೀಸಬಾರದು. ಮಧುಮೇಹಿಯು ವೈದ್ಯರ ಮಾತಿನಂತೆ ಪಾಯಸವನ್ನು ಬಿಟ್ಟರೆ ಅದು ಪ್ರಸಾದದ ನಿಂದೆಯಾಗದು. ಬೇಕಾದಷ್ಟನ್ನೇ ಬಡಿಸಿಕೊಳ್ಳುವುದೂ ಆಚಾರವೇ. ಮಗನೋ ಮಗಳೋ ದಿನೇ ದಿನೇ ಕೃಶವಾಗುತ್ತ, ಉಣ್ಣುವಾಗ ಮರೆಗೆ ಹೋಗುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ, ಮನೋವೈದ್ಯರಲ್ಲಿಗೂ, ಕರೆದೊಯ್ಯತಕ್ಕದ್ದು. ಹರಕೆ, ತಾಯಿತಗಳಿಂದ ಇದು ಹೋಗದು. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯವಾದ ಕಾರಣ ಅಳತೆಯನ್ನೂ ವೈದ್ಯರೇ ಹೇಳಬೇಕು. ಅವರು ಅರ್ಧ ಬಟ್ಟಲು ಗಂಜಿ ಎಂದರೆ, ಮನೆಯವರೆಲ್ಲರೂ ಆ ಮಗುವಿನ ಪಕ್ಕದಲ್ಲಿಯೇ ಕುಳಿತು, ತೂಕದ ಮಾತನ್ನೆತ್ತದೆ, ಆ ಅರ್ಧ ಬಟ್ಟಲನ್ನೇ ಲಿಂಗಕ್ಕೆ ತೋರಿಸಿ ಕೊಡಲಿ.