ಕೆಟ್ಟಿದೆಯಾ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ತಮ್ಮ ಫೋನನ್ನು ನನ್ನ ಕೈಗಿಟ್ಟು, "ನೋಡೋ, ಬ್ಯಾಂಕಿನ ಆ್ಯಪ್ ಓಪನ್ನೇ ಆಗ್ತಿಲ್ಲ" ಅಂದರು. ನಾನು ನಾಲ್ಕು ವರ್ಷ ಬಳಸಿ, ಹೊಸದು ಕೊಂಡಾಗ ಅವರಿಗೆ ಕೊಟ್ಟಿದ್ದ ಫೋನ್ ಅದು. ಗಾಜು ಒಡೆದಿಲ್ಲ, ಚಾರ್ಜು ಸಂಜೆವರೆಗೂ ಬರುತ್ತೆ. ಆದರೆ ಆಂಡ್ರಾಯ್ಡ್ ಹಳೇದು, ಆ್ಯಪ್ ಅದನ್ನು ಒಪ್ಪುತ್ತಿರಲಿಲ್ಲ.

"ಹೊಸ ಫೋನ್ ತಗೋಬೇಕಪ್ಪ" ಅಂದೆ.

"ಯಾಕೆ, ಇದು ಕೆಟ್ಟಿದೆಯಾ?"

ಏನು ಹೇಳಬೇಕೋ ತೋಚಲಿಲ್ಲ. ಅಪ್ಪನ ಲೆಕ್ಕದಲ್ಲಿ ಒಂದು ವಸ್ತು ಕೆಲಸ ಮಾಡುತ್ತೆ, ಇಲ್ಲಾ ಕೆಟ್ಟಿರುತ್ತೆ. ಕೆಟ್ಟರೂ ಮೊದಲು ರಿಪೇರಿ. ಮನೆಯ ಕುಡುಗೋಲಿಗೆ ಎಷ್ಟು ಸಲ ಹಿಡಿ ಹಾಕಿಸಿದ್ದಾರೋ ಅವರಿಗೇ ನೆನಪಿಲ್ಲ. 'ಕೆಟ್ಟಿಲ್ಲ, ಆದ್ರೆ ಹಳೇದಾಯ್ತು' ಅನ್ನೋದು ನಾವು ಕಲಿತ ಮಾತು.

ಹಳೇದಾಗೋದು ಅಂದರೇನು? ಬ್ಯಾಟರಿ ಸವೆಯುವುದು ಸಹಜ, ಅದನ್ನಷ್ಟೇ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವತ್ತಿಗೂ ಅದೇ ಕೆಲಸ ಮಾಡಿ ಬದುಕುವವರಿದ್ದಾರೆ. ನಮಗೆ ಬೇಜಾರಾಯ್ತು ಅನ್ನೋದು ಫೋನಿನ ತಪ್ಪಲ್ಲ. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗುವುದು ಮಾತ್ರ ನಿಜವಾದ ಕಾರಣ. ಆದರೆ ಅದು ಯಾರೋ ಕೂತು ಮಾಡುವ ತೀರ್ಮಾನ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಾಗ, ಚೆನ್ನಾಗಿ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ ಅನ್ನಿಸಿಕೊಂಡವು.

ಇಂಥ ತೀರ್ಮಾನ ಮಾಡುವವರಲ್ಲಿ ನಾನೂ ಒಬ್ಬ. ನಮ್ಮ ಟೀಮಿನ ಆ್ಯಪ್‌ಗೆ ಬೇಕಾದ ಕನಿಷ್ಠ ಆಂಡ್ರಾಯ್ಡ್ ವರ್ಷನ್ ಏರಿಸಿದ್ದು ನಾನೇ. ಒಂದು ಸಾಲಿನ ಬದಲಾವಣೆ. ಹಳೇ ಫೋನಿನವರು ತುಂಬಾ ಕಮ್ಮಿ, ಟೆಸ್ಟಿಂಗ್ ಖರ್ಚು ಉಳಿಯುತ್ತೆ ಅಂತ ವಾದಿಸಿದ್ದೂ ನಾನೇ. ಆ ಕಮ್ಮಿ ಜನರಲ್ಲಿ ಯಾರ್ಯಾರ ಅಪ್ಪಂದಿರು ಇದ್ದರೋ.

ಹಾಗಂತ ಹಳೇದನ್ನೇ ಹಿಡಿದುಕೊಂಡಿರೋದು ದೊಡ್ಡತನ ಅಂತಲೂ ಅಲ್ಲ. ಫೋನನ್ನು ಅಪ್ಪನಿಗೆ ದಾಟಿಸಿದಾಗ ಒಳ್ಳೇ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಆಗಲೇ ಅದರ ಅಪ್‌ಡೇಟ್ ನಿಂತಿತ್ತು. ಮೋಸದ ಲಿಂಕ್ ಗುರುತಿಸಲು ಬಾರದವರ ಕೈಗೆ, ಅವರ ದುಡ್ಡೆಲ್ಲ ಇರುವ ಮನೆಯ ಸಡಿಲ ಚಿಲಕ ಕೊಟ್ಟಿದ್ದೆ.

ಇನ್ನೊಂದು ಲೆಕ್ಕವೂ ಇದೆ. ಒಂದು ಸ್ಮಾರ್ಟ್‌ಫೋನಿನಿಂದ ಆಗುವ ಇಂಗಾಲದ ಹೊರೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತೆ, ನಾವು ಚಾರ್ಜ್ ಮಾಡುವುದರಿಂದ ಅಲ್ಲ. ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕಾಂಗೋದ ಗಣಿಗಳಿಂದ ಬರುತ್ತೆ. ಒಂದು ವರ್ಷ ಹೆಚ್ಚು ಬಳಸಿದರೆ ಅಷ್ಟರಮಟ್ಟಿಗೆ ಆ ಭಾರ ಇಳಿಯುತ್ತೆ.

ಹಾಗಾಗಿ ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ ಕೇಳೋದನ್ನು ಬಿಟ್ಟಿದ್ದೇನೆ. ಅಪ್‌ಡೇಟ್ ಬರುವಷ್ಟು ಕಾಲ ಇಟ್ಟುಕೊಳ್ಳೋದು, ಕೊಳ್ಳುವಾಗಲೇ ಎಷ್ಟು ವರ್ಷ ಕೊಡ್ತಾರೆ ಅಂತ ನೋಡೋದು. 2023ರ ಪಿಕ್ಸೆಲ್ 8ಕ್ಕೆ ಗೂಗಲ್ ಏಳು ವರ್ಷದ ಮಾತು ಕೊಟ್ಟಿದೆ. ಅಂದರೆ ಮನಸ್ಸು ಮಾಡಿದರೆ ಆಗುತ್ತೆ.

ಈ ಸಲ ಹೊಸ ಫೋನ್ ಅಪ್ಪನಿಗೇ ಕೊಡಿಸಿದೆ. ನನ್ನದಕ್ಕೆ ಬ್ಯಾಟರಿ ಹಾಕಿಸಿದೆ. ಕಳೆದ ತಿಂಗಳು ಆಫೀಸಿನಲ್ಲಿ ಮತ್ತೆ ವರ್ಷನ್ ಏರಿಸುವ ಮಾತು ಬಂತು. "ಈಗಿರೋದು ಕೆಟ್ಟಿದೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದು ವರ್ಷ ಮುಂದಕ್ಕೆ ಹಾಕಿದೆವು.