ಇಟ್ಟ ಹೆಸರು, ಹೊತ್ತ ಹೆಸರು

ಇಪ್ಪತ್ತು ವರ್ಷಗಳಿಂದ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತ ಬಂದವನು ನಾನು. ಹೆಸರು ಕೂಗುವುದೂ ಒಂದು ಹೊಣೆಯೆಂಬ ಅರಿವು ನನಗಾದದ್ದು ಮಾತ್ರ ತೀರ ಈಚೆಗೆ. ಅದೂ ನನ್ನ ತಪ್ಪಿನಿಂದಲೇ. ಒಂದು ದಿನ ತರಗತಿಯಲ್ಲಿ ಪದಗಳ ನಿಷ್ಪತ್ತಿಯನ್ನು ಕುರಿತು ಪಾಠ ಹೇಳುತ್ತಿದ್ದೆ. ವಿದ್ಯಾರ್ಥಿಗಳಿಗೆ ರುಚಿಸಲೆಂದು ಅವರವರ ಹೆಸರುಗಳನ್ನೇ ಬಿಡಿಸಿ ತೋರಿಸತೊಡಗಿದೆ. ಅರವಿಂದನಾಯಿತು, ವಸುಂಧರೆಯಾಯಿತು, ಎಲ್ಲರೂ ಹಿಗ್ಗಿದರು. ಸಾಕಮ್ಮನ ಸರದಿ ಬಂದಿತು. “ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದ ಮನೆಯಲ್ಲಿ, ದೇವರೇ, ಇನ್ನು ಸಾಕು ಎಂದು ಇಡುವ ಹೆಸರಿದು” ಎಂದುಬಿಟ್ಟೆ. ತರಗತಿ ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಗಂಟೆ ಹೊಡೆದು ಹೊರಬಂದಾಗ, ಯಾರದೋ ಸೊತ್ತನ್ನು ಕೇಳದೆ ಮುಟ್ಟಿದವನಂತೆ ಮನಸ್ಸು ಕಸಿವಿಸಿಗೊಂಡಿತ್ತು.

ಹೆಸರು ನಿಜವಾಗಿ ಯಾರ ಸೊತ್ತು? ಅದರ ಅರ್ಥವನ್ನು ನಿಶ್ಚಯಿಸುವವರು ಯಾರು? ನಿಘಂಟೇ, ಹೆತ್ತವರೇ, ಕರೆಯುವ ಲೋಕವೇ, ಹೊತ್ತು ಬಾಳುವವರೇ? ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆದು, ಅದನ್ನು ಮಗುವಿನ ಕಿವಿಯಲ್ಲಿ ಉಸುರುತ್ತೇವೆ. ಮಗುವಿನ ಒಪ್ಪಿಗೆ ಕೇಳುವ ಬಗೆಯಿಲ್ಲ. ಜೀವಮಾನವೆಲ್ಲ ಕಿವಿಗೆ ಬೀಳುವ ಆ ಒಂದು ಮಾತನ್ನು ನಾವು ಯಾರೂ ಆರಿಸಿಕೊಂಡವರಲ್ಲ.

ನಿಘಂಟನ್ನು ನಂಬಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಉಳಿಯದ ಮನೆಯವರು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ‘ತಿಪ್ಪ’ ಎಂದು ಕರೆಯುತ್ತಿದ್ದರು. ಇದು ಕಸ, ಇದರ ಮೇಲೆ ಕಣ್ಣು ಹಾಕಬೇಡ ಎಂದು ಮೃತ್ಯುವಿಗೆ ಹೇಳುವ ಉಪಾಯ ಅದು. ಸಾವಿರಾರು ಮೈಲಿ ಆಚೆಯ ಮಂಗೋಲಿಯದವರು ನಮ್ಮನ್ನು ಕೇಳಿ ಕಲಿತವರಲ್ಲ. ಆದರೆ ಅವರಲ್ಲಿಯೂ ‘ನೆರ್ಗುಯಿ’ ಎಂಬ ಹೆಸರುಂಟು. ಅದರ ಅರ್ಥ ‘ಹೆಸರಿಲ್ಲದವ’. ‘ಎನೆಬಿಶ್’ ಎಂದರೆ ‘ಇವನಲ್ಲ’, ‘ಹುನ್‌ಬಿಶ್’ ಎಂದರೆ ‘ಮನುಷ್ಯನೇ ಅಲ್ಲ’. ಮಗುವನ್ನು ಒಯ್ಯಲು ಬಂದ ದುಷ್ಟಶಕ್ತಿ ಮೋಸಹೋಗಿ ಮರಳಲಿ ಎಂಬುದೇ ಅಲ್ಲಿಯ ಆಸೆ. ನಿಘಂಟು ತಿರಸ್ಕಾರವೆನ್ನುವ ಈ ಮಾತುಗಳಲ್ಲಿರುವುದು ಮಗುವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡ ತಾಯಿಯ ಅಂಜಿಕೆ.

ಇದಕ್ಕೆ ವಿಲೋಮವೂ ಉಂಟು. ಚೀನದಲ್ಲಿ ಹೆಣ್ಣುಮಕ್ಕಳಿಗೆ ‘ಝಾವ್‌ದಿ’, ‘ಲಾಯ್‌ದಿ’ ಎಂದು ಹೆಸರಿಡುವ ವಾಡಿಕೆಯಿತ್ತು. ಕಿವಿಗೆ ಇಂಪಾದ ಮಾತುಗಳೇ. ಅರ್ಥವೋ, ‘ತಮ್ಮನನ್ನು ಕರೆ’, ‘ತಮ್ಮನೇ ಬಾ’. ಬೈಗುಳದ ಒಂದಕ್ಷರವೂ ಇಲ್ಲ. ಆದರೆ ಆ ಹುಡುಗಿಯನ್ನು ಕರೆದಾಗಲೆಲ್ಲ ಕರೆ ಹೋಗುವುದು ಅವಳಿಗಲ್ಲ, ಇನ್ನೂ ಹುಟ್ಟದ ಗಂಡುಮಗುವಿಗೆ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಇಷ್ಟು ಮರೆಯೂ ಇರಲಿಲ್ಲ. ಅಲ್ಲಿ ‘ನಕೋಸಾ’, ‘ನಕುಶಿ’ ಎಂದರೆ ನೇರವಾಗಿ ‘ಬೇಡವಾದವಳು’. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತವು ಇಂಥ 285 ಹುಡುಗಿಯರನ್ನು ಸೇರಿಸಿ ಅವರಿಗೆಲ್ಲ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಕೆಲವರು ದೇವಿಯರ ಹೆಸರನ್ನು ಆರಿಸಿಕೊಂಡರು, ಕೆಲವರು ಸಿನಿಮಾ ತಾರೆಯರ ಹೆಸರನ್ನು. ಸಿನಿಮಾದ ಮಾತು ಕೇಳಿ ನಗುವವರು ನಗಲಿ. ‘ಬೇಡ’ ಎಂಬ ಕೂಗಿಗೆ ಹತ್ತಾರು ವರ್ಷ ಓಗೊಟ್ಟು ಬೆಳೆದ ಮಗು ತನ್ನನ್ನು ತಾನೇ ಕರೆದುಕೊಂಡ ಮೊದಲ ಮಾತು ಅದು.

ಹೆಸರನ್ನು ಯಾರಿಗಾಗಿ ಇಡುತ್ತೇವೆ ಎಂಬ ಪ್ರಶ್ನೆಯನ್ನು ಪ್ರಾಚೀನ ಅರಬರು ನಾಚಿಕೆಯಿಲ್ಲದೆ ಉತ್ತರಿಸಿದ್ದರು. ಸಾ.ಶ. 933ರಲ್ಲಿ ತೀರಿಕೊಂಡ ಇಬ್ನ್ ದುರೈದ್ ಎಂಬ ಭಾಷಾಪಂಡಿತ ಅರಬರ ಹೆಸರುಗಳ ನಿಷ್ಪತ್ತಿಗಾಗಿಯೇ ‘ಕಿತಾಬ್ ಅಲ್ ಇಶ್ತಿಕಾಕ್’ ಎಂಬ ಗ್ರಂಥ ಬರೆದ. ಮಕ್ಕಳಿಗೆ ಕಲ್ಬ್ (ನಾಯಿ), ಅಸದ್ (ಸಿಂಹ), ಸಖ್ರ್ (ಬಂಡೆ) ಎಂಬ ಕಠೋರ ನಾಮಗಳು, ಗುಲಾಮರಿಗೆ ಮಾತ್ರ ಯಸಾರ್ (ನೆಮ್ಮದಿ), ರಬಾಹ್ (ಲಾಭ) ಎಂಬ ಸುಂದರ ನಾಮಗಳು! ಏಕೆ ಹೀಗೆಂದರೆ, ಮಕ್ಕಳಿಗಿಡುವ ಹೆಸರು ಶತ್ರುಗಳು ಕೇಳಲೆಂದು, ಗುಲಾಮರಿಗಿಡುವುದು ನಾವು ಕೇಳಲೆಂದು ಎಂಬುದು ಅವರ ಸಮಾಧಾನ. ನಮ್ಮಲ್ಲಿ ಮನುಸ್ಮೃತಿಯ ಎರಡನೆಯ ಅಧ್ಯಾಯ ಬೇರೆ ದಾರಿ ಹಿಡಿಯಿತು: ಬ್ರಾಹ್ಮಣನ ಹೆಸರಿನಲ್ಲಿ ಮಂಗಳ, ಕ್ಷತ್ರಿಯನದರಲ್ಲಿ ಬಲ, ವೈಶ್ಯನದರಲ್ಲಿ ಧನ, ಶೂದ್ರನದರಲ್ಲಿ ಜುಗುಪ್ಸೆ ಇರಬೇಕೆಂದು ವಿಧಿಸಿತು. ಗುಲಾಮನಿಗೆ ಚೆಂದದ ಹೆಸರು, ಶೂದ್ರನಿಗೆ ಹೇಸಿಗೆಯ ಹೆಸರು. ಮೇಲುನೋಟಕ್ಕೆ ಎರಡೂ ತದ್ವಿರುದ್ಧ. ಒಳಗಿನ ತಪ್ಪು ಒಂದೇ. ಎರಡು ಕಡೆಯೂ ಹೆಸರು ಹುಟ್ಟಿದ್ದು ಕರೆಯುವವನ ಅನುಕೂಲಕ್ಕೆ.

ಅದೆಲ್ಲ ಹಳೆಯ ಮಾತು ಎಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಬೀದಿಗಳಲ್ಲೇ ಕಿವಿಗೊಟ್ಟು ಕೇಳಿ. ತಿರುಪತಿಯ ತಿಮ್ಮಪ್ಪನ ಹೆಸರೇ ಒಬ್ಬನಿಗೆ ‘ತಿಮ್ಮಪ್ಪಯ್ಯನವರೇ’ ಎಂದಾಗುತ್ತದೆ, ಅದೇ ವಯಸ್ಸಿನ ಇನ್ನೊಬ್ಬನಿಗೆ ‘ಲೋ ತಿಮ್ಮಾ’ ಎಂದಾಗುತ್ತದೆ. ದೇವರು ಒಬ್ಬನೇ, ನಿಷ್ಪತ್ತಿ ಒಂದೇ. ಅವಮಾನ ಇರುವುದು ಕರೆಯುವ ಬಾಯಲ್ಲಿ.

ಹಾಗಾದರೆ ಕೆಟ್ಟ ಹೆಸರನ್ನು ಬದಲಿಸಿಬಿಟ್ಟರೆ ಮುಗಿಯಿತೆ? ಇಸ್ಲಾಮಿನ ಹದೀಸುಗಳಲ್ಲಿ ಇದಕ್ಕೆ ಸಂಬಂಧಿಸಿದ ಎರಡು ಪ್ರಸಂಗಗಳಿವೆ. ‘ಅವಿಧೇಯೆ’ ಎಂಬರ್ಥದ ಆಸಿಯಾ ಎಂಬ ಹೆಸರಿನ ಹೆಣ್ಣೊಬ್ಬಳಿಗೆ ಪ್ರವಾದಿ ಮಹಮ್ಮದರು ಜಮೀಲಾ, ಎಂದರೆ ಚೆಲುವೆ, ಎಂದು ಹೆಸರಿಟ್ಟರು. (ಇಂದು ಬಳಕೆಯಲ್ಲಿರುವ ಆಸಿಯಾ ಬೇರೆಯದೇ ಹೆಸರು, ಅರಬ್ಬೀ ಲಿಪಿಯಲ್ಲಿ ಅದರ ಅಕ್ಷರಗಳೇ ಬೇರೆ.) ಇನ್ನೊಬ್ಬನ ಹೆಸರು ಹಜ್ನ್, ಎಂದರೆ ಒರಟು ನೆಲ. ನೀನು ಸಹ್ಲ್, ಸಮನೆಲ, ಎಂದಾಗು ಎಂದರೆ ಅವನು ಒಪ್ಪಲಿಲ್ಲ. ತಂದೆ ಇಟ್ಟ ಹೆಸರನ್ನು ಬಿಡಲಾರೆ ಎಂದ. ಆ ಒರಟುತನ ನಮ್ಮ ಮನೆತನದಲ್ಲಿ ಉಳಿದೇಹೋಯಿತು ಎಂದು ಅವನ ಮೊಮ್ಮಗ ಮುಂದೆ ಹೇಳಿಕೊಂಡನಂತೆ. ಹಠವೆನ್ನಿ, ಪಿತೃಭಕ್ತಿಯೆನ್ನಿ, ನನಗೆ ಹಿಡಿಸುವುದು ಈ ಪ್ರಸಂಗದ ಇನ್ನೊಂದು ಮುಖ. ಹೊಸ ಹೆಸರನ್ನು ಸೂಚಿಸಿದರೇ ಹೊರತು ಬಲವಂತ ಮಾಡಲಿಲ್ಲ. ಕೊನೆಯ ಮಾತು ಹೆಸರು ಹೊತ್ತವನದೇ ಆಯಿತು.

ಹೆಸರನ್ನು ಬಿಡದೆ ಅದರ ಅರ್ಥವನ್ನೇ ಗೆಲ್ಲುವುದು ಮೂರನೆಯ ದಾರಿ. ಮಗ ಹುಟ್ಟಿದ ಸುದ್ದಿ ಕೇಳಿದ ಸಿದ್ಧಾರ್ಥ, ಇದೊಂದು ಬಂಧನವೆಂದು ನಿಟ್ಟುಸಿರಿಟ್ಟಿದ್ದರಿಂದ ಮಗುವಿಗೆ ರಾಹುಲನೆಂಬ ಹೆಸರಾಯಿತೆಂದು ಬೌದ್ಧ ಸಂಪ್ರದಾಯ ಹೇಳುತ್ತದೆ. ಆ ಮಗನೇ ಮುಂದೆ ತಂದೆಯ ಸಂಘ ಸೇರಿದ. ಇಂದು ಮಗನನ್ನು ರಾಹುಲ್ ಎಂದು ಮುದ್ದಿನಿಂದ ಕರೆಯುವ ಯಾವ ತಾಯಿಗೆ ಬೇಡಿಯ ನೆನಪಾಗುತ್ತದೆ?

ಸಾಕಮ್ಮನಿಗೆ ಇದಾವುದನ್ನೂ ಹೇಳುವ ಅವಕಾಶ ಬರಲಿಲ್ಲ. ಮರುದಿನ ಅವಳನ್ನು ಕರೆದು, “ನಿನ್ನೆ ನಾನು ಹಾಗೆ ಹೇಳಬಾರದಿತ್ತಮ್ಮ, ತಪ್ಪಾಯಿತು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಸಾರ್. ನೀವು ಹೇಳಿದ ಕಾರಣಕ್ಕೇ ಇಟ್ಟದ್ದಂತೆ, ಅಜ್ಜಿಯೂ ಹೇಳುತ್ತಿದ್ದಳು. ಆದರೆ ಸಾಕು ಅಂದರೆ ಸಾಕುವುದು ಅಂತಲೂ ಅರ್ಥ ಇದೆಯಲ್ಲ ಸಾರ್? ಅಪ್ಪ ಹಾಸಿಗೆ ಹಿಡಿದ ಮೇಲೆ ಬೆಳಗಿನ ಹೊತ್ತು ಹೂ ಮಾರಿ ಮನೆ ಸಾಕುತ್ತಿರುವವಳು ನಾನೇ” ಎಂದಳು.

ನಾನು ಕನ್ನಡದ ಅಧ್ಯಾಪಕ. ಸಾಕುತಾಯಿ, ಸಾಕುಮಗ ಎಂಬ ಮಾತುಗಳನ್ನು ಎಷ್ಟೋ ಸಲ ಪಾಠ ಹೇಳಿದವನು. ಕಣ್ಣೆದುರಿನ ಹೆಸರಿನಲ್ಲಿ ಆ ಅರ್ಥ ನನಗೆ ಹೊಳೆದಿರಲಿಲ್ಲ. ಭಾಷಾಶಾಸ್ತ್ರಜ್ಞರು ಅವಳ ನಿಷ್ಪತ್ತಿಯನ್ನು ಒಪ್ಪದಿರಬಹುದು. ಹೆತ್ತವರು ಇಟ್ಟದ್ದು ಒಂದು ಅರ್ಥದಲ್ಲಿ, ಅವಳು ಬಾಳಿದ್ದು ಇನ್ನೊಂದರಲ್ಲಿ. ಎರಡರಲ್ಲಿ ಯಾವುದು ಅವಳ ಹೆಸರು ಎಂದು ಕೇಳಿದರೆ ನಾನು ಈಗ ತಡವರಿಸುವುದಿಲ್ಲ.

ಈಗಲೂ ಹಾಜರಿ ಕೂಗುತ್ತೇನೆ. ಯಾವ ಹೆಸರಿನ ಅರ್ಥವನ್ನೂ ನಾನಾಗಿ ಬಿಡಿಸುವುದಿಲ್ಲ. ಹೊತ್ತವರೇ ಹೇಳಿದರೆ ಕೇಳಿಕೊಳ್ಳುತ್ತೇನೆ.